ಬಿ.ಎಸ್ಸಿ. ಮುಗಿದ ಮೇಲಿನ 14 ತಿಂಗಳು

ಕಳೆದ ವಾರ ಬೆಳಗಾವಿಯಲ್ಲಿ ಎಂ.ಎಸ್ಸಿ. ಗಣಿತದ ಪ್ರವೇಶ ಶುಲ್ಕ ಕಟ್ಟಿ ರಸೀದಿಯನ್ನು ಕೈಗೆ ತೆಗೆದುಕೊಂಡಾಗ, ನನ್ನ ಬಿ.ಎಸ್ಸಿ.ಯ ಕೊನೆಯ ಪರೀಕ್ಷೆ ಮುಗಿದು 14 ತಿಂಗಳಾಗಿತ್ತು. ಈ 14 ತಿಂಗಳಲ್ಲಿ ನಾನು ಓದಿದ್ದು ಕಡಿಮೆ, ಕಾದದ್ದು ಹೆಚ್ಚು. ಕಾದದ್ದರಲ್ಲಿಯೂ ಅರ್ಧದಷ್ಟು ನನ್ನ ಅಜ್ಞಾನಕ್ಕೆ ತೆತ್ತ ದಂಡ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗಿ ನಾನು. ಮನೆಯಲ್ಲಿ ಪದವಿಯವರೆಗೆ ಓದಿದವರಲ್ಲಿ ಮೊದಲನೆಯವಳಾದ ಕಾರಣ ಯಾವ ಅರ್ಜಿ ಯಾವ ತಿಂಗಳಲ್ಲಿ ಬರುತ್ತದೆ, ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ನನ್ನ ನಂತರದವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಾನು ಪದವಿಗೆ ಸೇರಿದ್ದು 2021ರಲ್ಲಿ. ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದ ವರ್ಷವದು, ನಮ್ಮದೇ ಮೊದಲ ತಂಡ. ನಮ್ಮ ಸೀನಿಯರ್‌ಗಳ ಕಾಲದ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಎಂಬ ಮೂರು ವಿಷಯಗಳ ಜೋಡಣೆ ಹೋಗಿ ನಮಗೆ ಭೌತಶಾಸ್ತ್ರ ಮತ್ತು ಗಣಿತ ಎಂಬ ಎರಡು ಮುಖ್ಯ ವಿಷಯಗಳು ಬಂದವು. ಮೂರು ವರ್ಷಕ್ಕೆ ಪದವಿ, ಬೇಕೆಂದರೆ ನಾಲ್ಕನೆಯ ವರ್ಷ ಓದಿ ಆನರ್ಸ್ ಎಂದು ಸೇರುವಾಗ ಹೇಳಿದ್ದರು. ನಾವು ಆರನೆಯ ಸೆಮಿಸ್ಟರಿನಲ್ಲಿದ್ದಾಗ, 2024ರ ಮೇ ತಿಂಗಳಲ್ಲಿ, ಮುಂದಿನ ಸಾಲಿನಿಂದ ಮೂರು ವರ್ಷದ ಪದವಿಗೇ ಮರಳುವುದಾಗಿ ಸರ್ಕಾರದ ಆದೇಶ ಬಂತು. ನಮ್ಮ ತಂಡಕ್ಕೆ ನಾಲ್ಕನೆಯ ವರ್ಷದ ಆಯ್ಕೆ ಉಳಿದಿತ್ತಾದರೂ ನಮ್ಮ ಕಾಲೇಜಿನಲ್ಲಿ ಅದನ್ನು ನಡೆಸುವಷ್ಟು ಮಕ್ಕಳು ಮುಂದೆ ಬರಲಿಲ್ಲ. ಹೀಗಾಗಿ ಮೂರಕ್ಕೇ ಮುಗಿಸಿ ಹೊರಬಂದೆ. ಈ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪವಿರುವುದು ಅದಕ್ಕೂ ಎಂಟು ತಿಂಗಳು ಹಿಂದಿನ ಒಂದು ವಿಷಯಕ್ಕೆ.

ಡಿಗ್ರಿ ಮುಗಿದ ಮೇಲೆ ಮುಂದಿನದನ್ನು ಯೋಚಿಸಿದರಾಯಿತು ಎಂದು ನಮ್ಮ ಕಡೆ ಎಲ್ಲರೂ ಅಂದುಕೊಂಡಿರುತ್ತಾರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಐಐಟಿ, ಎನ್‌ಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಬರೆಯಬೇಕಾದ ಜ್ಯಾಮ್ ಪರೀಕ್ಷೆಯ ಅರ್ಜಿ ತೆರೆಯುವುದು ಸೆಪ್ಟೆಂಬರಿನಲ್ಲಿ, ಮುಚ್ಚುವುದು ಅಕ್ಟೋಬರಿನಲ್ಲಿ, ಪರೀಕ್ಷೆ ನಡೆಯುವುದು ಫೆಬ್ರುವರಿಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ-ಪಿಜಿಯ ಅರ್ಜಿ ಬರುವುದು ಚಳಿಗಾಲದಲ್ಲಿ, ಪರೀಕ್ಷೆ ಮಾರ್ಚಿನ ಆಸುಪಾಸಿನಲ್ಲಿ. ಅಂದರೆ ಬಿ.ಎಸ್ಸಿ. ವಿದ್ಯಾರ್ಥಿಯ ಮುಂದಿನ ದಾರಿ ತೀರ್ಮಾನವಾಗುವುದು ಐದನೆಯ ಸೆಮಿಸ್ಟರಿನಲ್ಲಿ. ಆರನೆಯ ಸೆಮಿಸ್ಟರಿನ ಫಲಿತಾಂಶ ಬರುವ ಹೊತ್ತಿಗೆ ಈ ಎರಡೂ ಬಾಗಿಲುಗಳು ಮುಚ್ಚಿ ಬಹಳ ದಿನಗಳಾಗಿರುತ್ತವೆ. 2023ರ ಸೆಪ್ಟೆಂಬರಿನಲ್ಲಿ ನಾನು ಕಾಲೇಜಿನ ಗಣಪತಿ ಉತ್ಸವದ ಪಟ್ಟಿ ಬರೆಯುತ್ತಿದ್ದೆ, ಜ್ಯಾಮ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಕೊನೆಯ ವರ್ಷದಲ್ಲಿರುವವರೂ ಈ ಪರೀಕ್ಷೆಗಳಿಗೆ ಅರ್ಜಿ ಹಾಕಬಹುದು, ಪದವಿ ಕೈಗೆ ಬಂದಿರಬೇಕಾಗಿಲ್ಲ ಎಂಬುದು ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ.

ಕೊನೆಯ ಪರೀಕ್ಷೆ ಮುಗಿದದ್ದು 2024ರ ಆಗಸ್ಟಿನಲ್ಲಿ. ಮರುದಿನದಿಂದಲೇ ಮನೆಯ ಪಡಸಾಲೆಯಲ್ಲಿ ಕುಳಿತವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ‘ಡಿಗ್ರೀ ಮುಗೀತಲ್ಲ, ಮುಂದ ಏನ್ ಮಾಡ್ತೀ?’ ಕೇಳುವವರು ಉತ್ತರವನ್ನೂ ತಾವೇ ತಂದಿರುತ್ತಿದ್ದರು. ಒಬ್ಬರಿಗೆ ಬಿ.ಇಡಿ., ಇನ್ನೊಬ್ಬರಿಗೆ ಬ್ಯಾಂಕ್, ಮತ್ತೊಬ್ಬರಿಗೆ ‘ಕಂಪ್ಯೂಟರ್ ಲೈನ್’, ನಮ್ಮ ಅಜ್ಜಿಗೆ ಮದುವೆ. ಇವುಗಳಲ್ಲಿ ಕೊನೆಯದನ್ನು ಬಿಟ್ಟು ಉಳಿದ ಎಲ್ಲವನ್ನೂ ನಾನು ಗಂಭೀರವಾಗಿ ವಿಚಾರಿಸಿದೆ.

ಬಿ.ಇಡಿ. ಈಗ ಎರಡು ವರ್ಷದ್ದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಪ್ರವೇಶ ಪರೀಕ್ಷೆ ಇಲ್ಲ. ಪದವಿಯ ಅಂಕಗಳ ಮೇಲೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಪಟ್ಟಿ ತಯಾರಿಸುತ್ತದೆ. ಅದು ಮುಗಿದ ಮೇಲೆ 150 ಅಂಕಗಳ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆದು, ಸಾಮಾನ್ಯ ವರ್ಗದವರಾದರೆ ಶೇ. 60 ತೆಗೆದು, ನಂತರ ಶಿಕ್ಷಕರ ನೇಮಕಾತಿಗೆ ಕಾಯಬೇಕು. ನನಗೆ ಪಾಠ ಹೇಳುವ ಆಸೆಯಿದ್ದದ್ದು ಪಿಯು ಕಾಲೇಜಿನಲ್ಲಿ, ಅಲ್ಲಿಯ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯೂ ಬೇಕು, ಬಿ.ಇಡಿ.ಯೂ ಬೇಕು. ಯಾವುದನ್ನು ಮೊದಲು ಮಾಡಬೇಕು ಎಂಬುದಷ್ಟೇ ಉಳಿದ ಪ್ರಶ್ನೆ. ಗಣಿತದ ಎಳೆ ಕಡಿದುಹೋಗುವ ಮೊದಲು ಎಂ.ಎಸ್ಸಿ. ಮಾಡಿಬಿಡು, ಬಿ.ಇಡಿ.ಯನ್ನು ಆಮೇಲೆ ಮಾಡಬಹುದು ಎಂದು ನಮ್ಮ ಗಣಿತದ ಮೇಡಂ ಹೇಳಿದ ಮಾತು ನನಗೆ ಸರಿ ಎನಿಸಿತು. ಎಂ.ಸಿ.ಎ.ಯನ್ನೂ ಯೋಚಿಸಿದ್ದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎರಡು ವರ್ಷದ ಎಂ.ಸಿ.ಎ. ಸಿಗುತ್ತದೆ, ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿರಬೇಕು. ನನ್ನ ಮೂವರು ಗೆಳತಿಯರು ಆ ದಾರಿ ಹಿಡಿದು ಈಗ ಬೆಂಗಳೂರಿನಲ್ಲಿದ್ದಾರೆ. ನನಗೆ ಕಂಪ್ಯೂಟರಿನ ಮೇಲೆ ದ್ವೇಷವಿಲ್ಲ, ಆದರೆ ಅದರ ಮುಂದೆ ಇಡೀ ಆಯುಷ್ಯ ಕೂರುವ ಪ್ರೀತಿಯೂ ಇರಲಿಲ್ಲ.

ನಡುವೆ ಒಂದು ಅಡ್ಡದಾರಿಯನ್ನೂ ತುಳಿದೆ. ಆ ವರ್ಷ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಅರ್ಹತೆ ಪಿಯುಸಿಯಾದರೂ ನಮ್ಮ ತರಗತಿಯ ಅರ್ಧದಷ್ಟು ಜನ ಅರ್ಜಿ ಹಾಕಿದ್ದರು. ಸೆಪ್ಟೆಂಬರಿನಲ್ಲಿ ಕಡ್ಡಾಯ ಕನ್ನಡ ಪರೀಕ್ಷೆ, ಅಕ್ಟೋಬರಿನಲ್ಲಿ ಮುಖ್ಯ ಪತ್ರಿಕೆಗಳು. ಎರಡು ತಿಂಗಳು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕುಳಿತೆ, ಆಯ್ಕೆಯಾಗಲಿಲ್ಲ. ಸಿಂದಗಿಯ ಕಡೆಯ ಒಬ್ಬ ಗೆಳತಿ ತನಗೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಸಿಗುತ್ತದೆ ಎಂದೇ ಕೊನೆಯವರೆಗೂ ನಂಬಿದ್ದಳು. ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಓಡುತ್ತದೆ ಎಂದ ಮಾತ್ರಕ್ಕೆ ವಿಜಯಪುರ ಕಲ್ಯಾಣ ಕರ್ನಾಟಕದೊಳಗೆ ಬರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರಕ್ಕೂ ಆ ಸೌಲಭ್ಯವಿಲ್ಲ. ಅರ್ಜಿಯಲ್ಲಿ ತಪ್ಪಿ ‘ಹೌದು’ ಎಂದು ಗುರುತು ಹಾಕಬೇಡಿ.

ಅದೇ ಸೆಪ್ಟೆಂಬರಿನಲ್ಲಿ, ಸೀನಿಯರ್ ಒಬ್ಬರು ಫೋನಿನಲ್ಲಿ ಹೇಳಿದ ಮೇಲೆ, 2025ರ ಜ್ಯಾಮ್‌ಗೆ ಅರ್ಜಿ ತುಂಬಲು ಕುಳಿತೆ. ಮಹಿಳೆಯರಿಗೆ ಒಂದು ಪತ್ರಿಕೆಗೆ 900 ರೂಪಾಯಿ ಶುಲ್ಕ ಇತ್ತು, ಉಳಿದವರಿಗೆ ಅದರ ಎರಡರಷ್ಟು. ಹಣಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಹೆಸರಿನ ಕಲಮು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ನಂತರ ಅಪ್ಪನ ಹೆಸರಿನ ಮೊದಲ ಅಕ್ಷರ ಮಾತ್ರ ಇದೆ. ಆಧಾರ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಪೂರ್ತಿಯಾಗಿವೆ. ಪದವಿಯ ಅಂಕಪಟ್ಟಿಗಳಲ್ಲಿ ಅಡ್ಡಹೆಸರು ಮೊದಲು ಬಂದು, ಅದರಲ್ಲಿಯೂ ಒಂದು ಅಕ್ಷರ ತಪ್ಪಾಗಿದೆ. ಈ ಮೂರನೆಯ ಅವಾಂತರಕ್ಕೆ ನಾನೇ ಹೊಣೆ. ಮೊದಲ ವರ್ಷದ ಪ್ರವೇಶದ ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ಕುಳಿತು ತುಂಬಿಸುವಾಗ, ಬಸ್ ಹೊರಡುವ ಹೊತ್ತಾಯಿತೆಂದು, ಪರದೆಯ ಮೇಲಿದ್ದದ್ದನ್ನು ಓದದೆಯೇ ‘ಹೂಂ’ ಎಂದಿದ್ದೆ. ಅಂದಿನ ಆ ಒಂದು ‘ಹೂಂ’ ಪ್ರತಿ ಅಂಕಪಟ್ಟಿಯ ಮೇಲೂ ಅಚ್ಚಾಗಿ ಕುಳಿತಿತ್ತು. ಮೂರು ವರ್ಷ ಪ್ರತಿ ಬಾರಿಯೂ ಅಂಕ ನೋಡಿದೆನೇ ಹೊರತು ಹೆಸರು ನೋಡಿರಲಿಲ್ಲ.

ಜ್ಯಾಮ್ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿರುವಂತೆ ಬರೆದು ಮುಂದೆ ಹೋದೆ. ಆದರೆ ಅದೇ ವರ್ಷದ ಕೊನೆಯಲ್ಲಿ, ಫಲಿತಾಂಶ ಬಂದು ರಾಜ್ಯದ ಒಂದು ವಿಶ್ವವಿದ್ಯಾಲಯದ ಎಂ.ಎಸ್ಸಿ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ, ಆ ಅಕ್ಷರ ಎದ್ದು ಕುಳಿತಿತು. ಮೂಲ ದಾಖಲೆಗಳ ಪರಿಶೀಲನೆಯ ಮೇಜಿನಲ್ಲಿದ್ದವರು ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಇವು ಮೂರೂ ಒಬ್ಬರವೇ ಎಂದು ತೋರಿಸುವ ಪತ್ರ ತನ್ನಿ ಎಂದರು. ಅವರು ಕೊಟ್ಟ ಕಾಲಾವಕಾಶ ಎರಡು ದಿನ. ನಾನು ಊರಿಗೆ ಬಂದು, ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿಕೊಂಡು ಮರಳಿ ಹೋಗುವಷ್ಟರಲ್ಲಿ ಮೂರನೆಯ ದಿನವಾಗಿತ್ತು, ಸೀಟು ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ ಹೋಗಿತ್ತು. ಅವರನ್ನು ದೂರುವ ಹಾಗಿರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತದ್ದು ಪಕ್ಕದಲ್ಲಿ ಕುಳಿತಿದ್ದ ಅಪ್ಪನಿಗೆ ಗೊತ್ತಾಗಿತ್ತು. ಆತ ಏನೂ ಮಾತಾಡಲಿಲ್ಲ. ಗೋಕಾಕದಲ್ಲಿ ಬಸ್ ನಿಂತಾಗ ಇಳಿದು ಹೋಗಿ ಕರದಂಟು ತಂದುಕೊಟ್ಟ.

ಹೆಸರಿನ ವಿಷಯವನ್ನು ಇಲ್ಲಿಯೇ ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ಮೂರು ತುಂಡಿನ ಹೆಸರಿರುವ ನಮ್ಮ ಕಡೆಯ ಮಕ್ಕಳಲ್ಲಿ ಈ ತೊಡಕು ಇಲ್ಲದವರನ್ನು ನಾನು ಕಂಡದ್ದು ಅಪರೂಪ. ಎಲ್ಲಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ ಎಂದು ತಿಳಿದು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಪದವಿಯ ಅಂಕಪಟ್ಟಿ ತಿದ್ದಿಸಲು ಪ್ರಾಂಶುಪಾಲರ ಮೂಲಕ ಅರ್ಜಿ, ನೋಟರಿಯ ಅಫಿಡವಿಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳ ದೃಢೀಕೃತ ಪ್ರತಿ, ಶುಲ್ಕ ಕಟ್ಟಿದ ಚಲನ್ ಮತ್ತು ತಪ್ಪಾಗಿರುವ ಮೂಲ ಅಂಕಪಟ್ಟಿಗಳು ಬೇಕಾದವು. ಮೂಲ ಅಂಕಪಟ್ಟಿ ಕೈ ಬಿಡುವ ಮೊದಲು ಬಣ್ಣದ ಸ್ಕ್ಯಾನ್ ಮಾಡಿಸಿಟ್ಟುಕೊಂಡದ್ದು ನಾನು ಮಾಡಿದ ಒಂದೇ ಒಂದು ಜಾಣ ಕೆಲಸ. ತಿದ್ದಿದ ಪಟ್ಟಿಗಳು ಕೈ ಸೇರಲು ಎರಡು ತಿಂಗಳು ಹಿಡಿಯಿತು. ಆಧಾರ್‌ನಲ್ಲಿ ಹೆಸರನ್ನು ಆಯುಷ್ಯದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು, ಆದ್ದರಿಂದ ಅವಸರಪಟ್ಟು ಅದನ್ನು ಮೊದಲು ಮುಟ್ಟಬೇಡಿ. ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ ಅಂಕಪಟ್ಟಿ ತಿದ್ದಿಸಿಕೊಂಡರೆ ಒಂದು ಸುತ್ತು ಉಳಿಯುತ್ತದೆ.

ಇನ್ನು ಜಾತಿ ಪ್ರಮಾಣಪತ್ರ. ನನ್ನ ಬಳಿ ನಾಡಕಚೇರಿಯಿಂದ ಪಡೆದ 2ಎ ಪ್ರವರ್ಗದ ಜಾತಿ ಮತ್ತು ಆದಾಯ ಪತ್ರ ಇತ್ತು, ಐದು ವರ್ಷದ ಅವಧಿಯೂ ಉಳಿದಿತ್ತು. ಅದು ಜ್ಯಾಮ್‌ಗೂ ಸಿಯುಇಟಿಗೂ ನಡೆಯುವುದಿಲ್ಲ. 2ಎ, 2ಬಿ, 3ಎ, 3ಬಿ ಎಂಬವು ನಮ್ಮ ರಾಜ್ಯದ ಲೆಕ್ಕ. ಕೇಂದ್ರದ ಸಂಸ್ಥೆಗಳಿಗೆ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ-ಎನ್‌ಸಿಎಲ್, ಅಂದರೆ ಕೆನೆಪದರಕ್ಕೆ (ಹಿಂದುಳಿದ ವರ್ಗಗಳಲ್ಲಿನ ಸ್ಥಿತಿವಂತರ ಗುಂಪಿಗೆ) ಸೇರಿಲ್ಲ ಎಂಬ ಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಆದ್ದರಿಂದ ಮೊದಲು ಅಲ್ಲಿ ನಿಮ್ಮ ಜಾತಿಯ ಹೆಸರು ಇದೆಯೇ, ಯಾವ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಬೇಕು. ನಾನು ಕೌಂಟರಿನಲ್ಲಿ ಬರೀ ‘ಜಾತಿ ಸರ್ಟಿಫಿಕೇಟ್ ಬೇಕು’ ಎಂದೆ, ಅವರು ಸಹಜವಾಗಿಯೇ ಇನ್ನೊಂದು 2ಎ ಪತ್ರ ಮಾಡಿಕೊಟ್ಟರು. ಎರಡನೆಯ ಬಾರಿ ಹೋಗಿ ‘ಕೇಂದ್ರ ಸರ್ಕಾರದ ಒಬಿಸಿ’ ಎಂದು ಬಿಡಿಸಿ ಹೇಳಿದ ಮೇಲೆ ಸರಿಯಾದ ಪತ್ರ ಸಿಕ್ಕಿತು. ಅಲ್ಲಿಗೂ ಮುಗಿಯಲಿಲ್ಲ. ಕೆನೆಪದರದ ಲೆಕ್ಕ ಹಣಕಾಸು ವರ್ಷಕ್ಕೆ ತಕ್ಕಂತೆ ಬದಲಾಗುವುದರಿಂದ, ಪ್ರವೇಶದ ಹೊತ್ತಿಗೆ ಆ ವರ್ಷದ ಏಪ್ರಿಲ್ 1ರ ನಂತರದ ದಿನಾಂಕವಿರುವ ಪತ್ರವನ್ನು ಕೇಳುತ್ತಾರೆ. ನವೆಂಬರಿನಲ್ಲಿ ಮಾಡಿಸಿದ್ದನ್ನು ಮೇ ತಿಂಗಳಲ್ಲಿ ಮತ್ತೆ ಮಾಡಿಸಿದೆ. ನಮ್ಮ ಮನೆಯ ಕಪಾಟಿನಲ್ಲಿ ಈಗ ನಾನು ಯಾವ ಜಾತಿಯವಳು ಎಂದು ಹೇಳುವ ನಾಲ್ಕು ಪತ್ರಗಳಿವೆ.

ಓದಿನ ಬಗ್ಗೆ ಸ್ವಲ್ಪ ಹೇಳಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಪದವಿಯಲ್ಲಿ ಇಂಗ್ಲಿಷಿನ ಪ್ರಮೇಯಗಳನ್ನು ಬಾಯಿಪಾಠ ಮಾಡಿ ಬರೆಯುವ ರೂಢಿ ಬಂದುಬಿಟ್ಟಿತ್ತು. ಜ್ಯಾಮ್ ಪತ್ರಿಕೆಯಲ್ಲಿ ಆ ರೂಢಿ ಕೈ ಕೊಡುತ್ತದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲ ಭಾಗದ 30 ಪ್ರಶ್ನೆಗಳಲ್ಲಿ ಒಂದೇ ಸರಿ ಉತ್ತರವಿದ್ದು, ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತಾರೆ. ಎರಡನೆಯ ಭಾಗದ 10 ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯಿರಬಹುದು, ಮೂರನೆಯ ಭಾಗದ 20ರಲ್ಲಿ ಆಯ್ಕೆಗಳೇ ಇರದೆ ಸಂಖ್ಯೆಯನ್ನು ನಾವೇ ತುಂಬಬೇಕು. ಈ ಎರಡು ಭಾಗಗಳಲ್ಲಿ ತಪ್ಪಿಗೆ ದಂಡವಿಲ್ಲ. ಅನುಕ್ರಮ ಮತ್ತು ಶ್ರೇಣಿಗಳು, ಗುಂಪು ಸಿದ್ಧಾಂತ, ರೇಖೀಯ ಬೀಜಗಣಿತ, ಅವಕಲ ಸಮೀಕರಣ ಎಲ್ಲವೂ ನಾವು ಓದಿದ ವಿಷಯಗಳೇ. ಆದರೆ ಪ್ರಮೇಯವನ್ನು ಸಾಧಿಸಿ ಎನ್ನುವ ಬದಲು, ಪ್ರಮೇಯದ ಒಂದು ಷರತ್ತನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂದು ಅಲ್ಲಿ ಕೇಳುತ್ತಾರೆ. ಕೋಚಿಂಗಿಗೆ ಹಣವಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಜ್ಯಾಮ್ ಜಾಲತಾಣದಲ್ಲಿ ಉಚಿತ, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದ ಪಾಠಗಳೂ ಉಚಿತ. ಮಗ್ಗದ ಸದ್ದು ನಿಲ್ಲುವ ರಾತ್ರಿಯ ಹೊತ್ತಿನಲ್ಲಿ, ಕರೆಂಟು ಹೋದರೆ ಬೇಗನೆಯೇ, ನನ್ನ ಓದು ಆರಂಭವಾಗುತ್ತಿತ್ತು. ಮೊದಲ ತಿಂಗಳು ಹಳೆಯ ಪತ್ರಿಕೆಯೊಂದರಲ್ಲಿ ನನಗೆ ಬಂದದ್ದು 11 ಅಂಕ. ಆ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ.

ಪರೀಕ್ಷೆ 2025ರ ಫೆಬ್ರುವರಿ 2ರಂದು, ಭಾನುವಾರ. ಹುಬ್ಬಳ್ಳಿಯನ್ನು ಕೇಂದ್ರವಾಗಿ ಆರಿಸಿಕೊಂಡಿದ್ದೆ. ಗಣಿತ ಬೆಳಗಿನ ಪಾಳಿಯಲ್ಲಿದ್ದ ಕಾರಣ ಅಂದೇ ಊರಿನಿಂದ ಹೊರಟು ತಲುಪುವ ಮಾತಿರಲಿಲ್ಲ. ಹಿಂದಿನ ದಿನ ಅವ್ವನ ಜೊತೆ ಮುಧೋಳ, ಯರಗಟ್ಟಿ, ಸವದತ್ತಿ, ಧಾರವಾಡದ ಮಾರ್ಗವಾಗಿ ಹೊರಟೆ. ಭರತ ಹುಣ್ಣಿಮೆ ಹತ್ತಿರ ಬಂದಿದ್ದರಿಂದ ಸವದತ್ತಿಯವರೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಬಸ್ ಕಿಕ್ಕಿರಿದಿತ್ತು. ನಾನು ಭಂಡಾರದ ವಾಸನೆಯ ನಡುವೆ ನಿಂತು ಸೂತ್ರಗಳ ಚೀಟಿ ಓದುತ್ತಿದ್ದೆ. ಶಕ್ತಿ ಯೋಜನೆಯಿಂದಾಗಿ ಇಬ್ಬರಿಗೂ ಟಿಕೆಟ್ ಶೂನ್ಯ. ಈ 14 ತಿಂಗಳಲ್ಲಿ ನಾನು ತಿರುಗಿದ ತಿರುಗಾಟಕ್ಕೆ ಟಿಕೆಟ್ ಕೊಳ್ಳಬೇಕಾಗಿದ್ದರೆ ಅರ್ಧದಲ್ಲಿಯೇ ನಿಲ್ಲಿಸುತ್ತಿದ್ದೆ. ನನ್ನ ಸಹಪಾಠಿ ಹುಡುಗರಲ್ಲಿ ಇಬ್ಬರು ಬಸ್ ಖರ್ಚಿನ ಕಾರಣಕ್ಕೇ ಒಂದೊಂದು ಕೌನ್ಸೆಲಿಂಗ್ ಬಿಟ್ಟರು. ಹುಬ್ಬಳ್ಳಿಯಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ಮಲಗಿ, ಸಂಜೆಯೇ ಒಮ್ಮೆ ಕೇಂದ್ರದ ಗೇಟನ್ನು ನೋಡಿ ಬಂದದ್ದು ಒಳ್ಳೆಯದಾಯಿತು, ಅದು ಊರಿನ ಹೊರಗಿತ್ತು. ಪ್ರವೇಶಪತ್ರದ ಮುದ್ರಿತ ಪ್ರತಿ ಮತ್ತು ಮೂಲ ಗುರುತಿನ ಚೀಟಿ ಎರಡೂ ಕೈಯಲ್ಲಿರಬೇಕು. ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ, ಪರದೆಯ ಮೇಲೆಯೇ ಒಂದು ಇರುತ್ತದೆ. ಅದನ್ನು ಮೌಸ್‌ನಿಂದ ಒತ್ತುವುದು ಅಭ್ಯಾಸವಿಲ್ಲದವರಿಗೆ ನಿಧಾನ, ಆದ್ದರಿಂದ ಮನೆಯಲ್ಲಿ ಒಮ್ಮೆ ಪ್ರಯತ್ನಿಸಿ ಹೋಗಿ.

ಮಾರ್ಚಿನಲ್ಲಿ ಸಿಯುಇಟಿ-ಪಿಜಿಯನ್ನೂ ಬರೆದೆ. 75 ಪ್ರಶ್ನೆ, 300 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಜ್ಯಾಮ್‌ಗೆ ಓದಿದವರಿಗೆ ಇದು ಹಗುರ. ಅದೇ ತಿಂಗಳಲ್ಲಿ ಜ್ಯಾಮ್ ಫಲಿತಾಂಶವೂ ಬಂತು. ನಾನು ಅರ್ಹಳಾಗಿದ್ದೆ, ರ‍್ಯಾಂಕ್ ಮಾತ್ರ ನಾಲ್ಕಂಕಿಯದು. ಮನೆಯಲ್ಲಿ ಪೇಢೆ ಹಂಚಿದರು. ನನ್ನನ್ನು ಆಗಲೇ ಐಐಟಿಗೆ ಕಳಿಸಿಬಿಟ್ಟಿದ್ದರು. ಫಲಿತಾಂಶ ಬಂದರೆ ಸೀಟು ಬಂದಂತಲ್ಲ ಎಂದು ಬಿಡಿಸಿ ಹೇಳಲು ಒಂದು ವಾರ ಬೇಕಾಯಿತು. ಐಐಟಿಗಳಿಗೆ ಬೇರೆ ಅರ್ಜಿ, ಬೇರೆ ಶುಲ್ಕ. ಎನ್‌ಐಟಿಗಳಿಗೆ ಸಿಸಿಎಂಎನ್ ಎಂಬ ಮತ್ತೊಂದು ಕೌನ್ಸೆಲಿಂಗ್. ಎರಡರಲ್ಲಿಯೂ ಸುತ್ತುಗಳು, ಪ್ರತಿ ಸುತ್ತಿಗೂ ಗಡುವು. ಐಐಟಿ ಯಾವುದೂ ಬರಲಿಲ್ಲ. ಎನ್‌ಐಟಿಯ ಕೊನೆಯ ಸುತ್ತುಗಳಲ್ಲೊಂದರಲ್ಲಿ ಈಶಾನ್ಯದ ಒಂದು ಸಂಸ್ಥೆ ಬಂತು, ರೈಲಿನಲ್ಲಿ ಎರಡೂವರೆ ದಿನದ ದಾರಿ. ಸೀಟು ಉಳಿಸಿಕೊಳ್ಳಲು ಮೂರು ದಿನದೊಳಗೆ ದೊಡ್ಡ ಮೊತ್ತ ಕಟ್ಟಬೇಕಿತ್ತು. ಅಪ್ಪ ‘ಹೋಗು’ ಎಂದೂ ಅನ್ನಲಿಲ್ಲ, ‘ಬ್ಯಾಡ’ ಎಂದೂ ಅನ್ನಲಿಲ್ಲ, ಸೀರೆ ವ್ಯಾಪಾರಿಯಿಂದ ಮುಂಗಡ ಕೇಳಿ ನೋಡುತ್ತೇನೆ ಎಂದ. ಆ ಮುಂಗಡ ತೀರಿಸಲು ಎಷ್ಟು ಸೀರೆ ನೇಯಬೇಕಾಗುತ್ತದೆ ಎಂದು ನನಗೆ ಗೊತ್ತಿದ್ದ ಕಾರಣ ನಾನೇ ಬೇಡವೆಂದೆ. ಬ್ಯಾಂಕಿನ ಶಿಕ್ಷಣ ಸಾಲವನ್ನು ಫೆಬ್ರುವರಿಯಲ್ಲಿಯೇ ವಿಚಾರಿಸಿಟ್ಟಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೋ ಏನೋ. ಮೂರು ದಿನದಲ್ಲಿ ಸಾಲ ಹುಟ್ಟುವುದಿಲ್ಲ.

ಉಳಿದಿದ್ದದ್ದು ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಕಲಬುರಗಿಯ ಬಳಿಯದು, ಊರಿನಿಂದ ಒಂದು ದಿನದ ಪ್ರಯಾಣ, ಸಿಯುಇಟಿ ಅಂಕಗಳೂ ಪರವಾಗಿಲ್ಲ ಎಂಬಂತಿದ್ದವು. ಇಲ್ಲಿ ನಾನು ಮಾಡಿದ ತಪ್ಪನ್ನು ಯಾರೂ ಮಾಡಬಾರದು. ಸಿಯುಇಟಿಯ ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಆರಿಸಿದ್ದೆನಲ್ಲ, ಇನ್ನು ಅವರೇ ಕರೆಯುತ್ತಾರೆ ಎಂದು ಕಾಯುತ್ತ ಕುಳಿತೆ. ಸಿಯುಇಟಿ ಅಂಕ ಕೊಡುತ್ತದೆ ಅಷ್ಟೇ. ಅಂಕ ಬಂದ ಮೇಲೆ ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನನಗದು ತಿಳಿದಾಗ ನೋಂದಣಿ ಮುಗಿದು ಮೂರು ದಿನವಾಗಿತ್ತು. ಆ ಸಂಜೆ ಏನನ್ನೂ ತಿನ್ನಲಾಗಲಿಲ್ಲ, ಅಳುವೂ ಬರಲಿಲ್ಲ.

ಈ ನಡುವೆ ಸ್ವಲ್ಪ ಹಣ ಬಂದದ್ದು ಯುವನಿಧಿಯಿಂದ. ಪದವಿ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷದವರೆಗೆ ತಿಂಗಳಿಗೆ 3000 ರೂಪಾಯಿ ಕೊಡುವ ಯೋಜನೆ ಇದು, ಅರ್ಜಿ ಸೇವಾಸಿಂಧುವಿನಲ್ಲಿ. ನಿರುದ್ಯೋಗಿಯಾಗಿಯೇ ಇದ್ದೇನೆ, ಮುಂದೆ ಓದುತ್ತಿಲ್ಲ ಎಂಬ ಸ್ವಯಂ ಘೋಷಣೆಯನ್ನು ಮರೆಯದೆ ಕೊಡುತ್ತಿರಬೇಕು, ಮರೆತರೆ ಹಣ ನಿಲ್ಲುತ್ತದೆ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇದು ಸಲ್ಲುವುದಿಲ್ಲ, ಆದ್ದರಿಂದ ಎಂ.ಎಸ್ಸಿ. ಸೇರಿದ ಮೇಲೆ ಘೋಷಣೆ ಕೊಡುವುದನ್ನು ನಿಲ್ಲಿಸಿದೆ. ಕೆಲವು ತಿಂಗಳು ಬಂದ ಆ ಹಣ, ಸಂಜೆ ಹೇಳುತ್ತಿದ್ದ ಪಿಯುಸಿ ಗಣಿತದ ಟ್ಯೂಷನ್ ಹಣ ಇವೆರಡನ್ನೂ ಕೂಡಿಸಿಟ್ಟದ್ದರಿಂದಲೇ ಕಳೆದ ವಾರದ ಶುಲ್ಕ ಹೊರಟಿತು.

ಕೊನೆಗೆ ಬಾಗಿಲು ತೆರೆದದ್ದು ನಮ್ಮದೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ. 2010ರಲ್ಲಿ ಇದು ಆರಂಭವಾಗುವ ಮೊದಲು ನಮ್ಮ ಮೂರು ಜಿಲ್ಲೆಗಳ ಮಕ್ಕಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ಗತಿಯಾಗಿತ್ತು ಎಂದು ಮೇಡಂ ಹೇಳುತ್ತಿದ್ದರು. ನಂತರ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ನಾವು ಅದಕ್ಕಿಂತ ಮೊದಲು ಪದವಿಗೆ ಸೇರಿದವರಾದ್ದರಿಂದ ನಮ್ಮ ಅಂಕಪಟ್ಟಿಗಳೆಲ್ಲ ರಾಣಿ ಚನ್ನಮ್ಮನವೇ. ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚುವ ಮಾತು 2025ರ ಫೆಬ್ರುವರಿಯಲ್ಲಿ ಎದ್ದಾಗ ನಮ್ಮ ಕಿರಿಯರು ಗಾಬರಿಯಾಗಿ ಫೋನ್ ಮಾಡುತ್ತಿದ್ದರು, ನನ್ನ ಬಳಿ ಅವರಿಗೆ ಉತ್ತರವಿರಲಿಲ್ಲ. ಈ ಪ್ರವೇಶದಿಂದ ಕಲಿತ ಒಂದು ಮಾತು: ಪದವಿ ಕೊಟ್ಟ ವಿಶ್ವವಿದ್ಯಾಲಯದಲ್ಲಿಯೇ ಮುಂದುವರಿಯುವವರಿಗೆ ವಲಸೆ (ಮೈಗ್ರೇಷನ್) ಪ್ರಮಾಣಪತ್ರದ ಗೊಡವೆ ಇಲ್ಲ. ಬೇರೆಡೆಗೆ ಹೋಗುವವರು ಅದಕ್ಕೆ ಮೊದಲೇ ಅರ್ಜಿ ಹಾಕಿಟ್ಟುಕೊಳ್ಳಬೇಕು.

ಈ ಬಾರಿ ಪರಿಶೀಲನೆಯ ಮೇಜಿಗೆ ಹೋಗುವಾಗ ನನ್ನ ಕಡತ ನಮ್ಮ ಊರಿನ ಜವಳಿ ಅಂಗಡಿಯ ಲೆಕ್ಕದ ಪುಸ್ತಕಕ್ಕಿಂತ ದಪ್ಪವಾಗಿತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ, ಆರು ಸೆಮಿಸ್ಟರುಗಳ ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ, ವರ್ಗಾವಣೆ ಪತ್ರ, ಜಾತಿ-ಆದಾಯ ಪತ್ರ, ಒಂದರಿಂದ ಹತ್ತನೆಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯ ಪತ್ರಗಳು, ಅಫಿಡವಿಟ್, ಪ್ರತಿಯೊಂದರ ಮೂರು ಝೆರಾಕ್ಸ್. ಶಾಲೆಯ ಪತ್ರಗಳನ್ನು ಬೇಸಿಗೆ ರಜೆಗೆ ಮೊದಲೇ ತಂದಿಟ್ಟುಕೊಳ್ಳಿ, ಏಪ್ರಿಲ್-ಮೇ ತಿಂಗಳಲ್ಲಿ ಸಹಿ ಹಾಕುವ ಮುಖ್ಯೋಪಾಧ್ಯಾಯರನ್ನು ಹುಡುಕಿಕೊಂಡು ನಾನು ಅವರ ಹೊಲದವರೆಗೆ ಹೋಗಿದ್ದೆ. ವರ್ಗಾವಣೆ ಪತ್ರದ ಮೂಲವನ್ನು ಒಂದು ಕಡೆ ಕೊಟ್ಟ ಮೇಲೆ ಮರಳಿ ಪಡೆಯುವುದು ಕಷ್ಟ, ಆದ್ದರಿಂದ ಕೊನೆಯ ನಿರ್ಧಾರವಾಗುವವರೆಗೆ ಅದನ್ನು ಕೈ ಬಿಡಬೇಡಿ. ಮೇಜಿನಾಚೆ ಕುಳಿತಿದ್ದವರು ಎಲ್ಲವನ್ನೂ ತಿರುವಿ ಹಾಕಿ, ಹೆಸರಿನ ಮೇಲೆ ಬೆರಳಿಟ್ಟು ಮೂರು ಕಾಗದಗಳಲ್ಲಿ ಹೋಲಿಸಿ, ಸಹಿ ಹಾಕಿದರು. ಇಡೀ ಕೆಲಸಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅಫಿಡವಿಟ್ ಅನ್ನು ಅವರು ಕೇಳಲೇ ಇಲ್ಲ.

ತರಗತಿಗಳು ಮುಂದಿನ ಸೋಮವಾರದಿಂದ. ಹಾಸ್ಟೆಲ್ ಪಟ್ಟಿ ಇನ್ನೂ ಬಂದಿಲ್ಲ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ತುಂಬುವುದಿದೆ. ಮೊನ್ನೆ ಪಕ್ಕದ ಓಣಿಯ ಹುಡುಗಿಯೊಬ್ಬಳು, ಈಗ ಐದನೆಯ ಸೆಮಿಸ್ಟರಿನಲ್ಲಿರುವವಳು, ಮುಂದೆ ಏನು ಮಾಡಲಿ ಎಂದು ಕೇಳಲು ಬಂದಿದ್ದಳು. ಮೊದಲು ಮನೆಗೆ ಹೋಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಕಾಲೇಜಿನ ಅಂಕಪಟ್ಟಿ ಮೂರನ್ನೂ ತಾ ಎಂದೆ. ತಂದಳು. ಮೂರನ್ನೂ ಪಡಸಾಲೆಯ ಚಾಪೆಯ ಮೇಲೆ ಪಕ್ಕಪಕ್ಕ ಹರಡಿದೆವು. ಆಧಾರ್‌ನಲ್ಲಿ ಅವಳ ಅಪ್ಪನ ಹೆಸರಿನಲ್ಲಿ ಒಂದು ‘ಪ್ಪ’ ಹೆಚ್ಚಾಗಿತ್ತು.